ಬೈಕಿನ ಎಂಜಿನ್ ಎಷ್ಟು ಬಿಸಿಯಾದರೆ ಸರಿ?

ಪ್ರಶ್ನೆ: ನನ್ನದು ಗಾಳಿಯಿಂದಲೇ ತಂಪಾಗುವ 150 ಸಿಸಿ ಬೈಕು. ದಿನನಿತ್ಯ ಮನೆಯಿಂದ ಬದಿಯಡ್ಕ ಪೇಟೆಯ ಅಂಗಡಿಗೆ ಎರಡು ಕಿಲೋಮೀಟರ್ ಓಡಾಟ. ಬೇಸಿಗೆಯಲ್ಲಿ ಮಂಗಳೂರಿಗೆ ಹೋದರೆ ಎಂಜಿನ್ ಮುಟ್ಟಲಾಗದಷ್ಟು ಸುಡುತ್ತದೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂತಹ ಬಿಳಿ ಪಸೆ ಕಾಣುತ್ತದೆ. ಎಂಜಿನ್ ಎಷ್ಟು ಬಿಸಿಯಿರಬೇಕು?

ಉತ್ತರ: ಬೇಸಿಗೆಯ ಬಿಸಿಗಿಂತ ಮಳೆಗಾಲದ ಆ ಬಿಳಿ ಪಸೆಯ ಬಗ್ಗೆಯೇ ನೀವು ಹೆಚ್ಚು ಯೋಚಿಸಬೇಕು. ನಿಮ್ಮದರಂತಹ ಎಂಜಿನ್ನಿನಲ್ಲಿ ಆಯಿಲ್ ಸುಮಾರು 90ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಸಿಲಿಂಡರಿನ ತಲೆಭಾಗವಂತೂ 150 ಡಿಗ್ರಿ ದಾಟುವುದು ಸಹಜ. 60 ಡಿಗ್ರಿಗೇ ಕೈ ಸುಡುವುದರಿಂದ ಮುಟ್ಟಿ ನೋಡಿ ಏನನ್ನೂ ತೀರ್ಮಾನಿಸಲಾಗದು. ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಇರುವ ಬೈಕುಗಳಲ್ಲಿ ಆ ದ್ರವ ಸಾಮಾನ್ಯವಾಗಿ 80ರಿಂದ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಹೋದರೂ, ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು ತಣ್ಣಗಿನ ಕ್ರ್ಯಾಂಕ್‌ಕೇಸಿನಲ್ಲಿ (ಎಂಜಿನ್ನಿನ ತಳದ, ಆಯಿಲ್ ಇರುವ ಭಾಗ) ಹನಿಗಟ್ಟಿ ಆಯಿಲಿನೊಡನೆ ಬೆರೆತು ಆ ಬಿಳಿ ಪಸೆಯಾಗುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಈ ನೀರು ಆವಿಯಾಗಿ ಬ್ರೀದರ್ ಕೊಳವೆಯಿಂದ ಹೊರಹೋಗುತ್ತದೆ. ಎರಡು ಕಿಲೋಮೀಟರಿನಲ್ಲಿ ಅದು ಅಷ್ಟು ಕಾಯುವುದೇ ಇಲ್ಲ, ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಇನ್ನೂ ಕಷ್ಟ. ಜೊತೆಗೆ ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ಸೇರಿ ಆಯಿಲ್ ತೆಳುವಾಗುತ್ತದೆ, ಬೇರಿಂಗುಗಳು ಸವೆಯುತ್ತವೆ.

ಆದ್ದರಿಂದ ವಾರಕ್ಕೊಮ್ಮೆಯಾದರೂ ಕುಂಬಳೆಯವರೆಗೆ ಹೋಗಿ ಬನ್ನಿ; ಕನಿಷ್ಠ ಅರ್ಧ ಗಂಟೆ ಬೈಕು ಒಂದೇ ಸಮನೆ ಓಡಲಿ. ಅಂಗಳದಲ್ಲಿ ನಿಲ್ಲಿಸಿ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುವುದರಿಂದ ಈ ಪ್ರಯೋಜನ ಸಿಗದು. ಬೆಳಗ್ಗೆ ಅರ್ಧ ನಿಮಿಷ ಸಾಕು; ಅನಂತರ ಮೊದಲ ಕೆಲವು ಕಿಲೋಮೀಟರ್ ಆಕ್ಸಿಲರೇಟರ್ ಹೆಚ್ಚು ತಿರುಗಿಸದೆ ಓಡಿಸಿ. ಆಯಿಲನ್ನು ಕಿಲೋಮೀಟರ್ ತುಂಬುವವರೆಗೆ ಕಾಯದೆ, ಕಂಪನಿಯ ಕೈಪಿಡಿ ಹೇಳುವ ತಿಂಗಳ ಅವಧಿಗೆ ಬದಲಿಸಿ. ಕೂಲೆಂಟ್ ಇರುವ ಬೈಕಿನಲ್ಲಿ ಇಂತಹದೇ ಪಸೆ ಕಂಡು, ಕೂಲೆಂಟ್ ಮಟ್ಟವೂ ಇಳಿದಿದ್ದರೆ, ಅದು ಆಯಿಲಿಗೆ ಸೋರುತ್ತಿರಬಹುದು. ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಬೇಸಿಗೆಯಲ್ಲಿ ನಿಜವಾದ ಅಪಾಯವಿರುವುದು ಓಟದಲ್ಲಲ್ಲ, ನಿಂತಲ್ಲಿ. ತಲಪಾಡಿಯಲ್ಲಿ ವಾಹನಗಳ ಸಾಲಿಗೆ ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ. ಸಿಲಿಂಡರಿನ ರೆಕ್ಕೆಗಳ ನಡುವೆ ನಮ್ಮ ಕೆಂಪುಮಣ್ಣಿನ ಕೆಸರು ಒಣಗಿ ಕುಳಿತರೆ ಗಾಳಿ ತಾಗುವುದಿಲ್ಲ. ಎಂಜಿನ್ ತಣಿದ ಮೇಲೆ ಬ್ರಷ್ಷಿನಿಂದ ಅದನ್ನು ತೆಗೆಯಿರಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಏರು ಹತ್ತುವಾಗ ಎಳೆತ ಕುಗ್ಗಿ, ಟಕಟಕ ಸದ್ದು ಅಥವಾ ಸುಟ್ಟ ಆಯಿಲಿನ ವಾಸನೆ ಬಂದರೆ ಮಾತ್ರ ಬಿಸಿ ಮಿತಿಮೀರಿದೆಯೆಂದು ತಿಳಿದು, ನೆರಳಿನಲ್ಲಿ ನಿಲ್ಲಿಸಿ, ತಣಿದ ಬಳಿಕ ಮೊದಲು ಆಯಿಲ್ ಮಟ್ಟ ನೋಡಿ.