1.4 ಲಕ್ಷ ಕಿ.ಮೀ. ಓಡಿದ ಆಟೋಮ್ಯಾಟಿಕ್ ಕಾರಿಗೆ ಈಗ ಗೇರ್‌ಬಾಕ್ಸ್ ಆಯಿಲ್ ಬದಲಿಸಬಹುದಾ?

ಕಾರು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರುತ್ತದೆ, ಆಯಿಲ್ ಒಮ್ಮೆಯೂ ಬದಲಿಸಿಲ್ಲ, ಗೇರ್ ಸರಿಯಾಗಿ ಬೀಳುತ್ತಿದೆ ಅಂದಿದ್ದೀರಿ. ಹಾಗಿದ್ದರೆ ಬದಲಿಸಿ. ಫ್ಲಶ್, ಅಂದರೆ ಮೆಷಿನ್‌ನಿಂದ ಒತ್ತಡದಲ್ಲಿ ತೊಳೆಯುವುದು ಮಾತ್ರ ಬೇಡ.

"ಹಳೇ ಗಾಡಿಗೆ ಹೊಸ ಆಯಿಲ್ ಹಾಕಿದರೆ ಗೇರ್‌ಬಾಕ್ಸ್ ಹೋಗುತ್ತೆ" ಅನ್ನುವ ಮಾತು ಹುಟ್ಟಿದ್ದಕ್ಕೆ ಕಾರಣವಿದೆ. ತುಂಬಾ ಜನ ಗೇರ್ ಜಾರಲು (ಇಂಜಿನ್ ಕೂಗಿದರೂ ಗಾಡಿ ಎಳೆಯದಿರಲು) ಶುರುವಾದ ಮೇಲೆ ಆಯಿಲ್ ನೆನಪು ಮಾಡಿಕೊಳ್ಳುತ್ತಾರೆ. ಅಷ್ಟೊತ್ತಿಗೆ ಒಳಗಿನ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಆಮೇಲೆ ಬೈಗುಳವೆಲ್ಲ ಹೊಸ ಆಯಿಲ್‌ಗೆ! ನಿಮ್ಮದೂ ಈಗಾಗಲೇ ಜಾರುತ್ತಿದ್ದರೆ, ಆಯಿಲ್ ಸುಟ್ಟ ವಾಸನೆ ಬರುತ್ತಿದ್ದರೆ, ಮೊದಲು ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್‌ಗೆ ತೋರಿಸಿ.

ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್‌ನಲ್ಲಿ ಡ್ರೈನ್ ಮಾಡಿದರೆ ಎಲ್ಲಾ ಆಯಿಲ್ ಹೊರಗೆ ಬರುವುದಿಲ್ಲ, ಸುಮಾರು ಅರ್ಧ ಒಳಗೇ ಉಳಿಯುತ್ತದೆ. ಹೆಚ್ಚು ಓಡಿದ ಗಾಡಿಗೆ ಅದೇ ಒಳ್ಳೆಯದು. ಕೆಲವು ಸಾವಿರ ಕಿ.ಮೀ. ಬಿಟ್ಟು ಇನ್ನೊಮ್ಮೆ ಮಾಡಿಸಿ. ಮೆಷಿನ್ ಹಚ್ಚಿ ಒತ್ತಡದಲ್ಲಿ ತೊಳೆದರೆ ತಳದ ಕಸ ಎದ್ದು ವಾಲ್ವ್ ಬಾಡಿಯ (ಗೇರ್ ಬದಲಿಸಲು ಆಯಿಲ್ ಹಾಯಿಸುವ ಭಾಗ) ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಭಯ ಇದೆ.

ಘಟ್ಟದ ಏರಿನಲ್ಲಿ ಆಯಿಲ್ ಜಾಸ್ತಿ ಕಾಯುತ್ತದೆ, ಕಾದಷ್ಟೂ ಬೇಗ ಕೆಡುತ್ತದೆ. "ಲೈಫ್‌ಟೈಮ್ ಆಯಿಲ್" ಅಂದರೂ ನಂಬಿ ಕೂರಬೇಡಿ.

ಮ್ಯಾನ್ಯುಯಲ್ ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿಸಿ. ಸಿವಿಟಿಗೆ (ಗೇರ್ ಬದಲು ಬೆಲ್ಟ್, ಪುಲ್ಲಿ ಇರುವ ಆಟೋಮ್ಯಾಟಿಕ್) ಅದರದ್ದೇ ಬೇರೆ ಆಯಿಲ್ ಬೇಕು. ಎಎಂಟಿ (ಕ್ಲಚ್, ಗೇರ್ ತಾನೇ ಹಾಕಿಕೊಳ್ಳುವ ಮ್ಯಾನ್ಯುಯಲ್ ಗೇರ್‌ಬಾಕ್ಸ್) ಆಗಿದ್ದರೆ ಇಷ್ಟೆಲ್ಲ ಚಿಂತೆ ಇಲ್ಲ, ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ ಅಲ್ವಾ. ಇನ್ನೊಂದು, ಲೆವೆಲ್ ನೋಡುವುದು ಕಂಪನಿ ಹೇಳಿದ ಬಿಸಿಯಲ್ಲೇ. ಸುಮ್ನೆ ಅಂದಾಜಿಗೆ ಸುರಿಯುವ ಗ್ಯಾರೇಜಾದರೆ ಬೇರೆ ಕಡೆ ಹೋಗಿ.