ಅಪ್ಪ ಬರೆದ ದರ್ಪಣ ಸುಂದರಿ

ಪ್ರಶ್ನೆ: ಮೇಷ್ಟ್ರೇ, ಹೋದ ತಿಂಗಳು ಅಪ್ಪನ ಟ್ರಂಕು ತೆಗೆದಾಗ ಹಳೇ ಪೇಪರ್‌ನಲ್ಲಿ ಸುತ್ತಿಟ್ಟ ಒಂದು ಪೆನ್ಸಿಲ್ ಚಿತ್ರ ಸಿಕ್ಕಿತು. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕನ್ನಡಿ ಹಿಡಿದು ನಿಂತಿರೋ ಶಿಲ್ಪ ಇದೆಯಲ್ಲ, ಆ ದರ್ಪಣ ಸುಂದರಿ. ಮೂಲೆಯಲ್ಲಿ ‘ಬೇಲೂರು, ಜನವರಿ 1974’ ಅಂತ ಅಪ್ಪನ ಅಕ್ಷರ ಇದೆ. ಅಪ್ಪ ಚಿತ್ರ ಬರೆಯುತ್ತಿದ್ದರು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಇದು ಅಂಗಡಿಯಲ್ಲಿ ಸಿಗೋ ಪ್ರಿಂಟು, ಇಲ್ಲದಿದ್ದರೆ ಕ್ಯಾಲೆಂಡರ್ ನೋಡಿ ಬರೆದದ್ದು ಅಂತಾರೆ ಚಿಕ್ಕಪ್ಪ. ಗೊತ್ತು ಮಾಡುವುದು ಹೇಗೆ? ಹಾಳಾಗದ ಹಾಗೆ ಲ್ಯಾಮಿನೇಷನ್ ಮಾಡಿಸಲಾ? ಫೋಟೋ ಕಳಿಸಿದ್ದೇನೆ.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ. ನಾನು ಡ್ರಾಯಿಂಗ್ ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ ನನ್ನ ಗುರುಗಳು ಕೊಟ್ಟ ಒಂದು ಸ್ಕೆಚ್ಚನ್ನು ಲ್ಯಾಮಿನೇಷನ್‌ಗೆ ಕೊಟ್ಟೆ. ಬಿಸಿ ರೋಲರ್‌ಗೆ ಸಿಕ್ಕಿ ಕಾಗದ ಸುಕ್ಕಾಯಿತು. ಪ್ಲಾಸ್ಟಿಕ್ ಬಿಡಿಸಲು ಹೋದೆ, ಕಾಗದದ ಜೊತೆ ಗೆರೆಗಳೂ ಕಿತ್ತು ಬಂದವು. ಅದನ್ನು ನೋಡಿದಾಗಲೆಲ್ಲ ಈಗಲೂ ಹೊಟ್ಟೆಯಲ್ಲಿ ಸಂಕಟ.

ಇನ್ನು ಪ್ರಿಂಟೋ ಅಲ್ಲವೋ ಅನ್ನೋದು. ಕಿಟಕಿ ಹತ್ತಿರ ಹೋಗಿ ಚಿತ್ರವನ್ನು ಓರೆಯಾಗಿ ಹಿಡಿಯಿರಿ. ಕಪ್ಪು ಜಾಸ್ತಿ ಇರುವ ಕಡೆ ಪೆನ್ಸಿಲ್ ಸೀಸ ಬೂದು ಬಣ್ಣಕ್ಕೆ ಮಿನುಗಬೇಕು. ಕಾಗದ ತಿರುಗಿಸಿ, ಹಿಂದುಗಡೆ ಬೆರಳ ತುದಿಯಿಂದ ಮೆಲ್ಲಗೆ ಸವರಿ. ಒತ್ತಿ ಎಳೆದ ಗೆರೆಗಳ ಉಬ್ಬು ಅಲ್ಲಲ್ಲಿ ಸಿಗುತ್ತದೆ. ಆಮೇಲೆ ಭೂತಗನ್ನಡಿ ಹಿಡಿಯಿರಿ. ಅಚ್ಚಾದ ಚಿತ್ರವಾದರೆ ಸಾಮಾನ್ಯವಾಗಿ ಸಾಲಾಗಿ ಸಣ್ಣ ಚುಕ್ಕಿ ಕಾಣುತ್ತವೆ. ಪೆನ್ಸಿಲ್ ಆದರೆ ಪುಡಿ ಕಾಗದದ ದಿಬ್ಬಗಳ ಮೇಲೆ ಕೂತಿರುತ್ತದೆ, ತಗ್ಗು ಬೆಳ್ಳಗೇ ಉಳಿದಿರುತ್ತದೆ. ರಬ್ಬರ್ ಹಾಕಿ ಮಾತ್ರ ಪರೀಕ್ಷೆ ಮಾಡಬೇಡಿ.

ನಿಮ್ಮ ಫೋಟೋದಲ್ಲಿ ಎಡ ಭುಜದ ಹತ್ತಿರ ಒಂದು ಅಳಿಸಿದ ಗೆರೆ ಮಸುಕಾಗಿ ಕಾಣ್ತಿದೆ. ಅಪ್ಪ ಭುಜವನ್ನು ಮೊದಲು ಸ್ವಲ್ಪ ಮೇಲೆ ಹಾಕಿ, ಆಮೇಲೆ ಇಳಿಸಿದ್ದಾರೆ. ಅದೊಂದೇ ನನಗೆ ಸಾಕಿತ್ತು.

ಕ್ಯಾಲೆಂಡರ್ ನೋಡಿ ಬರೆದದ್ದಾ? ನನಗೆ ಹಾಗನ್ನಿಸುವುದಿಲ್ಲ. ದರ್ಪಣ ಸುಂದರಿಯಂಥ ಹೆಣ್ಣು ಶಿಲ್ಪಗಳಿಗೆ ಮದನಿಕೆಯರು ಅಂತಾರೆ. ಬೇಲೂರಿನಲ್ಲಿ ಅವರು 42. ಅದರಲ್ಲಿ 38 ಹೊರಗಡೆ, ಸೂರಿನ ಕೆಳಗೆ. ಗೋಡೆಗೆ ಅಂಟಿಕೊಂಡು ನೆಟ್ಟಗೆ ನಿಂತಿಲ್ಲ, ತಲೆ ಮುಂದಕ್ಕೆ ಬಂದು ನಮ್ಮ ಕಡೆ ಬಾಗಿದ್ದಾರೆ. ಜಗಲಿ ಮೇಲೆ ನಿಂತು ಕತ್ತೆತ್ತಿದರೆ ಕಾಣುವುದು ಒಂದು ಬಗೆ. ದೂರದಿಂದ ಜೂಮ್ ಮಾಡಿ ತೆಗೆದ ಫೋಟೋದಲ್ಲಿ ಕಾಣುವುದೇ ಬೇರೆ. ನಿಮ್ಮ ಚಿತ್ರದಲ್ಲಿ ಗಲ್ಲದ ಅಡಿಭಾಗ ಪೂರ್ತಿ ಕಾಣುತ್ತಿದೆ. ತಲೆ ಮೇಲಿನ ಬಳ್ಳಿ ಚಪ್ಪರದ ತಳವೂ ಕಾಣುತ್ತಿದೆ. ಹತ್ತಿರ ನಿಂತು ಮೇಲೆ ನೋಡಿದವರಿಗೇ ಅದು ಕಾಣುವುದು.

ಇನ್ನೊಂದು ಗುರುತಂತೂ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಹಣೆಗಿಂತ ಗಲ್ಲದ ಕೆಳಗೆ ಬೆಳಕು ಜಾಸ್ತಿ ಇದೆ. ಸಾಮಾನ್ಯವಾಗಿ ಚಿತ್ರ ಬರೆಯುವವರು ಗಲ್ಲದ ಕೆಳಗೆ ಕಪ್ಪು ತುಂಬುತ್ತಾರೆ, ಅಲ್ವಾ? ಆದರೆ ಬಿಸಿಲು ಏರಿದಾಗ ಸೂರು ಮೇಲಿನ ಬೆಳಕನ್ನು ತಡೆಯುತ್ತದೆ. ಕೆಳಗಿನ ಕಲ್ಲುಹಾಸಿಗೆ ಬಿದ್ದ ಬಿಸಿಲು ಪುಟಿದು ಮೇಲಕ್ಕೆ ಹೋಗಿ ಆ ಮುಖಕ್ಕೆ ಬೀಳುತ್ತದೆ. ನಿಮ್ಮ ಅಪ್ಪ ಕಂಡದ್ದನ್ನೇ ಬರೆದಿದ್ದಾರೆ.

ಕೊರಳ ಹಾರವನ್ನೂ ನೋಡಿ. ಮಣಿಗಳ ಹಿಂದೆ ಸೀಸವನ್ನು ಒತ್ತಿ ಒತ್ತಿ ಕಪ್ಪು ಮಾಡಿದ್ದಾರೆ. ಆ ಶಿಲ್ಪಗಳದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳು ಒಡವೆಗಳ ಹಿಂದೆ ಅಷ್ಟು ಆಳಕ್ಕೆ ಉಳಿ ಇಳಿಸಿದ್ದು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ. ನಿಮ್ಮ ಅಪ್ಪ ಊರು, ತಿಂಗಳು ಬರೆದು ಹೆಸರು ಮಾತ್ರ ಬಿಟ್ಟಿದ್ದಾರೆ. ನೀವು ಅದನ್ನು ಸೇರಿಸಲು ಹೋಗಬೇಡಿ. ಬೇಕಾದರೆ ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಿ.

ಇಡುವ ವಿಷಯ. ಸುತ್ತಿದ್ದ ಪೇಪರ್ ಇವತ್ತೇ ತೆಗೆಯಿರಿ, ಅದರ ಆಮ್ಲ ಕಾಗದವನ್ನು ಹಳದಿ ಮಾಡುತ್ತದೆ. ಸೆಲೋ ಟೇಪ್ ತಾಗಿಸಬೇಡಿ. ಫ್ರೇಮ್ ಹಾಕುವವರಿಗೆ ಆಮ್ಲ ಇಲ್ಲದ ಮೌಂಟ್ ಬೋರ್ಡ್ (ಚಿತ್ರ ಕೂರಿಸುವ ದಪ್ಪ ರಟ್ಟು) ಹಾಕಿ ಅಂತ ಕೇಳಿ. ಗಾಜು ಚಿತ್ರಕ್ಕೆ ಅಂಟಬಾರದು, ನಡುವೆ ಸಂದು ಬೇಕು. ಸೀಸ ಬೆಳಕಿಗೆ ಮಾಸುವುದಿಲ್ಲ, ಆದರೆ ಕಾಗದ ಕೆಡುತ್ತದೆ. ಹಾಗಾಗಿ ನೇರ ಬಿಸಿಲು ಬೇಡ, ಮಳೆಗಾಲದಲ್ಲಿ ತೇವ ಹಿಡಿಯೋ ಗೋಡೆಯೂ ಬೇಡ.

ಅರಸೀಕೆರೆಯಿಂದ ಬೇಲೂರು ದೂರವೇನಲ್ಲ. ಜನವರಿಯಲ್ಲಿ ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ ಬನ್ನಿ. ಚಿತ್ರ ಮನೆಯಲ್ಲೇ ಇರಲಿ, ಫೋನಿನಲ್ಲಿರೋ ಫೋಟೋ ಸಾಕು. ದರ್ಪಣ ಸುಂದರಿಯ ಕೆಳಗೆ ನಿಂತು ಒಂದೊಂದೇ ಹೆಜ್ಜೆ ಹಿಂದೆ ಮುಂದೆ ಸರಿಯಿರಿ. ಗಲ್ಲ, ಕನ್ನಡಿ, ಬಳ್ಳಿ ಮೂರೂ ಚಿತ್ರದಲ್ಲಿರುವ ಹಾಗೇ ಕೂಡಿಬರುವ ಒಂದು ಜಾಗ ಸಿಗುತ್ತದೆ. ಅಪ್ಪ ನಿಂತಿದ್ದು ಅಲ್ಲೇ. ಚಪ್ಪಲಿ ಬಿಟ್ಟು ಹೋಗಬೇಕು, ಕಲ್ಲು ಕಾದಿರುತ್ತದೆ, ಸಾಕ್ಸ್ ಹಾಕಿಕೊಳ್ಳಿ.