ಬಾವಿಗೆ ನ್ಯಾನೋ ಪುಡಿ ಹಾಕಬೇಡಿ

ಪ್ರಶ್ನೆ: ಬಾವಿ ಪಕ್ಕದಲ್ಲೇ ಡೀಸೆಲ್ ಎಂಜಿನ್ ಇದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿದೆ. ಆಯಸ್ಕಾಂತಕ್ಕೆ ಅಂಟುವ ನ್ಯಾನೋ ಪುಡಿ ಹಾಕಿದರೆ ಎಣ್ಣೆ ಹೋಗುತ್ತದಂತೆ. ಎಲ್ಲಿ ಸಿಗುತ್ತದೆ? (ತೀರ್ಥಹಳ್ಳಿ)

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟೆನೋ! ಮೊದಲು ಅದು ಎಣ್ಣೆಯೇನಾ ನೋಡಿ. ನಮ್ಮ ಜಂಬಿಟ್ಟಿಗೆ ನೆಲದ ನೀರಲ್ಲಿ ಕಬ್ಬಿಣ ಜಾಸ್ತಿ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಕೂಡ ಇಂಥದ್ದೇ ಪೊರೆ ಕಟ್ಟುತ್ತವೆ. ಕೋಲಿನಿಂದ ಕಲಕಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ನಿಂತರೆ ಬ್ಯಾಕ್ಟೀರಿಯಾ. ಸುಳಿದು ಮತ್ತೆ ಕೂಡಿಕೊಂಡರೆ, ವಾಸನೆಯೂ ಬಂದರೆ, ಡೀಸೆಲ್.

ಪುಡಿಯ ವಿಷಯ ಸುಳ್ಳಲ್ಲ. ಶೀಶೆಯಲ್ಲಿ ನೀರು, ಡೀಸೆಲ್ ಕುಲುಕಿ ಒಂದು ಚಿಟಿಕೆ ಹಾಕಿ ಪಕ್ಕಕ್ಕೆ ಆಯಸ್ಕಾಂತ ಹಿಡಿದರೆ, ಕಪ್ಪು ಪುಡಿಯೆಲ್ಲ ಎಣ್ಣೆ ಹೊತ್ತುಕೊಂಡು ಆ ಬದಿಯ ಗಾಜಿಗೆ ಅಂಟುತ್ತದೆ. ನೀರು ತಿಳಿಯಾಗುತ್ತದೆ. ಅದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್, 10–20 ನ್ಯಾನೋಮೀಟರಿನ ಕಣ (ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್). ಮೇಲೆ ಎಣ್ಣೆ-ಕೊಬ್ಬುಗಳಲ್ಲಿರುವ ಒಲಿಕ್ ಆಮ್ಲದ ಲೇಪ ಇರುವುದರಿಂದ ನೀರನ್ನು ಬಿಟ್ಟು ಎಣ್ಣೆಯನ್ನು ಹಿಡಿಯುತ್ತದೆ. ಲೇತ್ ಅಂಗಡಿಯ ಕಬ್ಬಿಣದ ಪುಡಿಗೆ ಈ ಗುಣ ಇಲ್ಲ. ಅದನ್ನೇ ‘ನ್ಯಾನೋ’ ಎಂದು ಪ್ಯಾಕೆಟ್ ಕಟ್ಟಿ ಮಾರುವುದು ಶುದ್ಧ ಮೋಸ.

ಆದರೆ ಶೀಶೆಯ ಅಗಲ ಎರಡು ಬೆರಳು. ನಿಮ್ಮ ಬಾವಿ? ಆಯಸ್ಕಾಂತದಿಂದ ದೂರ ಎರಡರಷ್ಟಾದರೆ ಕಣದ ಮೇಲಿನ ಸೆಳೆತ ಎಂಟನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಕೈಗೆ ಸಿಗದ ಪುಡಿಯೆಲ್ಲ ನೀರಲ್ಲೇ ಉಳಿಯುತ್ತದೆ. ವಾಪಸ್ ತೆಗೆಯಲಾಗದ್ದನ್ನು ನಾನಂತೂ ಕುಡಿಯುವ ನೀರಿಗೆ ಹಾಕುವುದಿಲ್ಲ. ಗ್ಯಾರೇಜಿನ ಕೊಳೆ ನೀರನ್ನು ತೊಟ್ಟಿಗೆ ಬಿಟ್ಟು, ಪುಡಿ ಕಲಸಿ, ಆಯಸ್ಕಾಂತದ ಪಕ್ಕ ಸಣ್ಣ ಕೊಳವೆಯಲ್ಲಿ ಹರಿಸುವುದಾದರೆ ಸರಿ. ಅಲ್ಲಿ ಪುಡಿ ತೊಳೆದು ಮತ್ತೆ ಬಳಸಬಹುದು.

ನೀವು ಮಾಡಬೇಕಾದ್ದು ಇಷ್ಟು. ಮೋಟಾರ್ ಹಾಕಬೇಡಿ, ಎಣ್ಣೆ ಕಲಕಿ ಸಣ್ಣ ಹನಿಗಳಾಗುತ್ತದೆ. ಬೂರುಗದ ಹತ್ತಿಯಲ್ಲಿ ಮೇಣ ಇದೆ, ನೀರು ಹೀರದೆ ಎಣ್ಣೆ ಹೀರುತ್ತದೆ. ಬಲೆ ಚೀಲಕ್ಕೆ ತುಂಬಿ ಹಗ್ಗ ಕಟ್ಟಿ ತೇಲಿಬಿಡಿ, ನೆನೆದ ಮೇಲೆ ಎತ್ತಿ ಬೇರೆ ಇಳಿಸಿ. ದಯವಿಟ್ಟು ಬಾವಿಗೆ ಇಳಿಯಬೇಡಿ, ಒಳಗೆ ಡೀಸೆಲ್ ಆವಿ ಕಟ್ಟಿರುತ್ತದೆ. ಲ್ಯಾಬಿನಲ್ಲಿ ನೀರು ಪರೀಕ್ಷೆ ಆಗುವವರೆಗೆ ಕುಡಿಯಬೇಡಿ. ಕುದಿಸಿದರೆ, ಪಟಿಕ ಹಾಕಿದರೆ, ಬ್ಲೀಚಿಂಗ್ ಪೌಡರ್ ಹಾಕಿದರೆ ಡೀಸೆಲ್ ಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಪ್ರಶ್ನೆ: ಪೈಪಿಗೆ ಆಯಸ್ಕಾಂತ ಕಟ್ಟಿದರೆ ನೀರು ಶುದ್ಧವಾಗುತ್ತದೆಯೇ? (ಸಾಗರ)

ಉತ್ತರ: ಇಲ್ಲ. ಸುಮ್ನೆ ದುಡ್ಡು ಕಳೆಯಬೇಡಿ.

ಪ್ರಶ್ನೆ: ತುಂಗೆಯಲ್ಲಿ ಗಾಡಿ ತೊಳೆದಾಗ ಬಿಡುವ ಎಣ್ಣೆಗೆ ಯಾವ ಪುಡಿ? (ಶಿವಮೊಗ್ಗ)

ಉತ್ತರ: ಹೊಳೆಯಲ್ಲಿ ಗಾಡಿ ತೊಳೆಯಬೇಡಿ.